ಕುಂಸಿಯ ಕಪ್ಪು ಕಲ್ಲು, ಭದ್ರಾವತಿಯ ಕುಲುಮೆ

ಪತ್ರಿಕೆ ಓದುವವರೂ ಟಿವಿ ನೋಡುವವರೂ ಈಚೆಗೆ ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಅಮೆರಿಕದ ಕಾಲ ಮುಗಿಯಿತೇ? ಚೀನಾ ಮುಂದೆ ಹೋಯಿತೇ? ಇವರಿಬ್ಬರ ನಡುವೆ ನಮ್ಮ ಜಾಗ ಎಲ್ಲಿ? ಉತ್ತರ ಹೇಳುವವರು ಸಾಮಾನ್ಯವಾಗಿ ಸೈನಿಕರ ಸಂಖ್ಯೆ, ಕ್ಷಿಪಣಿಗಳ ಪಟ್ಟಿ, ಜಿಡಿಪಿಯ ಏರಿಳಿತ ಮುಂದಿಡುತ್ತಾರೆ. ಕೇಳಿಸಿಕೊಂಡವರಿಗೆ ಲೋಕವೊಂದು ಕುಸ್ತಿಯ ಅಖಾಡದಂತೆ ಕಾಣುತ್ತದೆ: ಒಬ್ಬ ಗೆದ್ದ, ಒಬ್ಬ ಬಿದ್ದ, ನಾವು ಸುತ್ತ ನಿಂತು ನೋಡುವವರು. ಈ ಚಿತ್ರದಲ್ಲಿ ಏನೋ ತಪ್ಪಿದೆ ಎಂದು ನನಗೆ ಬಹಳ ದಿನಗಳಿಂದ ಅನಿಸಿದೆ. ನಾವು ಎಂದೂ ಬರೀ ನೋಡುತ್ತಾ ನಿಂತವರಲ್ಲ. ಅದು ಗೊತ್ತಾಗಲು ವಾಷಿಂಗ್ಟನ್ನಿಗೋ ಬೀಜಿಂಗಿಗೋ ಹೋಗಬೇಕಿಲ್ಲ, ಕುಂಸಿಗೆ ಹೋದರೆ ಸಾಕು.

ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದು ಆಯನೂರು ದಾಟಿದ ಮೇಲೆ ಕುಂಸಿ ಸಿಗುತ್ತದೆ. ತಾಳಗುಪ್ಪದ ರೈಲು ಮಾರ್ಗದಲ್ಲೂ ಅದರದೊಂದು ನಿಲ್ದಾಣವಿದೆ. ಅಡಿಕೆ ತೋಟ, ಮೆಕ್ಕೆಜೋಳದ ಹೊಲ, ಅದರಾಚೆ ಕಾಡಿನ ಅಂಚು. ಜೋಗಕ್ಕೆ ಹೋಗುವವರು ಇಲ್ಲಿ ಬಸ್ಸು ಇಳಿಯುವುದು ಕಡಿಮೆ. ಈ ಊರಿನ ಸುತ್ತಿನ ಗುಡ್ಡಗಳಲ್ಲಿ ಒಂದು ಕಪ್ಪು ಕಲ್ಲು ಇದೆ. ಕಬ್ಬಿಣದ ಅದಿರಿನಂತೆ ಕೆಂಪಲ್ಲ, ಮಸಿಯಂಥ ಕಪ್ಪು. ಮೆತ್ತಗಿನ ಜಾತಿಯದಾದರೆ ಮುಟ್ಟಿದ ಬೆರಳಿಗೆ ಹತ್ತಿಕೊಳ್ಳುತ್ತದೆ. ಅದು ಮ್ಯಾಂಗನೀಸ್ ಅದಿರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಬಂಡವಾಳದ ಕಂಪನಿಗಳು ಈ ಕಲ್ಲನ್ನು ಹುಡುಕಿಕೊಂಡು ಮೈಸೂರು ಸಂಸ್ಥಾನದ ಈ ಮೂಲೆಗೆ ಬಂದವು. ಯಾಕೆ ಆಗಲೇ ಬಂದವು ಎನ್ನುವುದರಲ್ಲಿ ನಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ.

ಮೊದಲು ಈ ಕಲ್ಲಿನ ಕೆಲಸವೇನು ಎಂದು ನೋಡೋಣ. ಕಬ್ಬಿಣವನ್ನು ಕರಗಿಸಿ ಉಕ್ಕು ಮಾಡುವಾಗ ಅದರೊಳಗೆ ಗಂಧಕ ಮತ್ತು ಆಮ್ಲಜನಕ ಉಳಿದುಬಿಟ್ಟರೆ ಕೇಡು. ಅಂಥ ಉಕ್ಕನ್ನು ಕಾಯಿಸಿ ತಟ್ಟಲು ಹೋದರೆ ಬಿರುಕು ಬಿಡುತ್ತದೆ. ಇಂಗ್ಲೆಂಡಿನ ಬೆಸೆಮರ್ 1856ರಲ್ಲಿ ಅಗ್ಗವಾಗಿ ಉಕ್ಕು ಮಾಡುವ ದಾರಿ ಕಂಡುಹಿಡಿದಾಗ ಅವನ ಉಕ್ಕು ಹೀಗೆಯೇ ಒಡೆಯುತ್ತಿತ್ತು. ಮುಷೆಟ್ ಎನ್ನುವ ಇನ್ನೊಬ್ಬ ಅದಕ್ಕೆ ಮ್ಯಾಂಗನೀಸ್ ಇರುವ ಕಬ್ಬಿಣ ಬೆರೆಸಿದ ಮೇಲೆ ಅದು ಕೆಲಸಕ್ಕೆ ಬಂತು. ಬೇಕಾಗುವುದು ಬಹಳವಲ್ಲ, ಒಂದು ಟನ್ ಉಕ್ಕಿಗೆ ಹತ್ತು ಕಿಲೋಗಿಂತಲೂ ಕಡಿಮೆ. ಆದರೆ ಅದರ ಬದಲಿಗೆ ಹಾಕಬಹುದಾದ ಇನ್ನೊಂದು ವಸ್ತು ಇಂದಿಗೂ ಸಿಕ್ಕಿಲ್ಲ. ಕೊಡದ ತುಂಬ ಹಾಲಿದ್ದರೂ ಹೆಪ್ಪಿಗೆ ಒಂದು ಚಮಚ ಮೊಸರು ಸಿಗದಿದ್ದರೆ ಮನೆಯಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಉಕ್ಕಿನ ಲೋಕದಲ್ಲಿ ಮ್ಯಾಂಗನೀಸ್ ಆ ಚಮಚ ಮೊಸರು.

ಈಗ 1904ಕ್ಕೆ ಬನ್ನಿ. ಯುರೋಪಿನ ಕುಲುಮೆಗಳಿಗೆ ಬೇಕಾದ ಮ್ಯಾಂಗನೀಸ್‌ನ ಬಹುಪಾಲು ಬರುತ್ತಿದ್ದದ್ದು ರಷ್ಯಾ ಸಾಮ್ರಾಜ್ಯದ ಕಾಕಸಸ್ ಸೀಮೆಯಿಂದ, ಇಂದಿನ ಜಾರ್ಜಿಯಾ ದೇಶದ ಚಿಯಾತುರಾ ಗಣಿಗಳಿಂದ. ಆ ವರ್ಷ ರಷ್ಯಾ ಜಪಾನಿನ ಜೊತೆ ಯುದ್ಧಕ್ಕೆ ಇಳಿಯಿತು. 1905ರ ಮೇ ತಿಂಗಳಲ್ಲಿ ತ್ಸುಶಿಮಾ ಜಲಸಂಧಿಯಲ್ಲಿ ರಷ್ಯಾದ ನೌಕಾಪಡೆ ಮುಳುಗಿತು. ಏಷ್ಯಾದ ದೇಶವೊಂದು ಯುರೋಪಿನ ದೊಡ್ಡ ಸಾಮ್ರಾಜ್ಯವನ್ನು ಸೋಲಿಸಿದ್ದನ್ನು ಲೋಕವೇ ಬೆರಗಾಗಿ ನೋಡಿತು. ಸೋಲಿನ ಬೆನ್ನಿಗೇ ರಷ್ಯಾದ ಒಳಗೆ ದಂಗೆ, ಮುಷ್ಕರ. ಚಿಯಾತುರಾದ ಗಣಿಗಳೂ, ಅಲ್ಲಿಂದ ಕಪ್ಪು ಸಮುದ್ರದ ಬಂದರಿಗೆ ಅದಿರು ಒಯ್ಯುವ ರೈಲೂ ನಿಂತು ನಿಂತು ನಡೆದವು. ಅದೇ ಹೊತ್ತಿಗೆ ಬ್ರಿಟನ್ ಮತ್ತು ಜರ್ಮನಿ ಯುದ್ಧನೌಕೆ ಕಟ್ಟುವ ಪೈಪೋಟಿಗೆ ಬಿದ್ದಿದ್ದವು, ಉಕ್ಕು ಎಷ್ಟಿದ್ದರೂ ಸಾಲದು. ಮ್ಯಾಂಗನೀಸ್ ಬೆಲೆ ಜಿಗಿಯಿತು. ಎಂದೂ ಗಿಟ್ಟದ ದೂರದ ಗುಡ್ಡಗಳು ಒಮ್ಮೆಗೇ ಗಿಟ್ಟತೊಡಗಿದವು. ಭಾರತದಲ್ಲಿ ಈ ಗಣಿಗಾರಿಕೆ 1892ರಲ್ಲೇ ವಿಜಯನಗರಂ ಸೀಮೆಯಲ್ಲಿ ಶುರುವಾಗಿತ್ತು. ಆದರೆ 1906ರ ಆಸುಪಾಸಿನ ಈ ಬೆಲೆಯ ಅಲೆ ಅದನ್ನು ಮಧ್ಯಪ್ರಾಂತ್ಯ, ಸಂಡೂರು, ಶಿವಮೊಗ್ಗಕ್ಕೆ ಹಬ್ಬಿಸಿತು. ಕೆಲಕಾಲ ಭಾರತವು ಮ್ಯಾಂಗನೀಸ್‌ನಲ್ಲಿ ರಷ್ಯಾವನ್ನೂ ಹಿಂದಿಕ್ಕಿತು.

ಹೀಗೆ ಜಪಾನಿನ ಕಡಲಲ್ಲಿ ಹಾರಿದ ಗುಂಡಿಗೆ ಕುಂಸಿಯ ಗುಡ್ಡದಲ್ಲಿ ಪಿಕಾಸಿ ಬಿತ್ತು. ಬಿರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಅದಿರು ಆ ಹಳಿ ಹಿಡಿದು ಹುಬ್ಬಳ್ಳಿ ದಾಟಿ ಗೋವಾದ ಮರ್ಮಗೋವಾ ಬಂದರು ಸೇರುತ್ತಿತ್ತು. ಈ ಪಯಣದಲ್ಲಿ ಯಾರ ಯಾರ ಕೈ ಇತ್ತು ನೋಡಿ. ನೆಲ ಮೈಸೂರು ಮಹಾರಾಜರದು, ಬಂಡವಾಳ ಇಂಗ್ಲೆಂಡಿನದು, ಬಂದರು ಪೋರ್ಚುಗೀಸರದು, ಕುಲುಮೆ ಕಡಲಾಚೆಯದು. ಅಗೆದವರಿಗೆ ಕೂಲಿ, ಸಂಸ್ಥಾನಕ್ಕೆ ರಾಯಧನ. ಉಳಿದ ಬೆಲೆಯೆಲ್ಲ ಕಲ್ಲು ಉಕ್ಕಾಗುವ ಕಡೆ ಹುಟ್ಟುತ್ತಿತ್ತು. 1907ರ ಕೊನೆಗೆ ಅಮೆರಿಕದ ಬ್ಯಾಂಕುಗಳು ಮುಗ್ಗರಿಸಿದಾಗ ಉಕ್ಕಿನ ಬೇಡಿಕೆ ಕುಸಿಯಿತು, ಮ್ಯಾಂಗನೀಸ್ ಬೆಲೆಯೂ ಇಳಿಯಿತು, ದೇಶದ ಎಷ್ಟೋ ಗಣಿಗಳಲ್ಲಿ ಕೆಲಸ ನಿಂತಿತು. ಏರಿದ್ದಕ್ಕೂ ಇಳಿದದ್ದಕ್ಕೂ ಗಣಿಯ ಊರುಗಳು ಕಾರಣವಾಗಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು, 'ಬಲ' ಎಂದರೇನು ಎನ್ನುವುದನ್ನು ಬಿಡಿಸಿ ನೋಡಬೇಕು. ನಮ್ಮ ಕಡೆಯವರಿಗೆ ಇದನ್ನು ಹೇಳಲು ಅಡಿಕೆ ಮಂಡಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಇಬ್ಬರು ಬೆಳೆಗಾರರು ಇದ್ದಾರೆ ಎನ್ನಿ. ಇಬ್ಬರ ಮನೆಯಲ್ಲೂ ಒಂದೇ ತೂಕದ, ಒಂದೇ ದರ್ಜೆಯ ರಾಶಿ ಅಡಿಕೆ. ಒಬ್ಬನಿಗೆ ಸಾಲವಿಲ್ಲ, ಬೆಲೆ ಬರುವವರೆಗೆ ಮೂಟೆ ಅಟ್ಟದ ಮೇಲಿರುತ್ತದೆ. ಇನ್ನೊಬ್ಬ ಮಗಳ ಮದುವೆಗೆಂದು ಮಂಡಿಯಲ್ಲೇ ಮುಂಗಡ ತಂದಿದ್ದಾನೆ, ಅಡಿಕೆ ಒಣಗುವ ಮೊದಲೇ ಅದು ಯಾರಿಗೆ ಹೋಗಬೇಕೆಂದು ತೀರ್ಮಾನವಾಗಿದೆ. ಸರಕು ಒಂದೇ, ಬಲ ಬೇರೆ ಬೇರೆ. ಮೊದಲನೆಯವನು ಕಾಯಬಲ್ಲ, ಎರಡನೆಯವನು ಕಾಯಲಾರ. ಇಂಥ ಎರಡನೆಯವರು ಒಟ್ಟುಗೂಡಿ ಕಾಯುವ ಶಕ್ತಿ ಪಡೆಯಲಿ ಎಂದೇ ಮಲೆನಾಡಿನಲ್ಲಿ ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘಗಳು ಹುಟ್ಟಿದ್ದು.

ದೇಶಗಳ ನಡುವೆಯೂ ಹೀಗೇ. ಯಾರ ಹಂಗು ಯಾರಿಗಿದೆ, ಯಾರು ಯಾರಿಲ್ಲದೆ ಎಷ್ಟು ದಿನ ಬದುಕಬಲ್ಲರು ಎನ್ನುವುದೇ ಬಲದ ನಿಜವಾದ ತೂಕ. ಸೈನ್ಯ, ಹಣ, ಜನಸಂಖ್ಯೆ ಎಲ್ಲವೂ ಮುಖ್ಯ, ಆದರೆ ಅವುಗಳಿಂದ ಕೆಲಸ ತೆಗೆಯುವುದು ಈ ಹಂಗಿನ ಲೆಕ್ಕದ ಮೇಲೆ ನಿಂತಿದೆ. ಲೋಕದ ಸಮತೋಲನ ಬದಲಾಗುತ್ತಿದೆ ಎಂದು ಪತ್ರಿಕೆಗಳು ಬರೆದಾಗ ಅದರ ಅರ್ಥ, ಹಂಗುಗಳ ದಿಕ್ಕು ಬದಲಾಗುತ್ತಿದೆ ಎಂದು.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಪಾಠವೂ ಅಲ್ಲ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. ಪೋರ್ಚುಗೀಸರ ಬಳಿ ಹಡಗು, ಫಿರಂಗಿ, ಕೋಟೆ ಎಲ್ಲ ಇದ್ದವು. ಆದರೆ ಗೋವಾದಲ್ಲಿ ಕುಳಿತವರು ಉಣ್ಣುತ್ತಿದ್ದ ಅಕ್ಕಿ ಕೆನರಾ ಕರಾವಳಿಯದು, ಅವರು ಯುರೋಪಿಗೆ ಒಯ್ಯುತ್ತಿದ್ದ ಮೆಣಸಿನಲ್ಲೂ ಒಳ್ಳೆಯ ಪಾಲು ಘಟ್ಟದ್ದು. ಡಚ್ಚರು ಹಿಂದೂ ಮಹಾಸಾಗರದಲ್ಲಿ ಪೋರ್ಚುಗೀಸರನ್ನು ಒಂದೊಂದೇ ಕಡೆ ಹಣಿಯುತ್ತಿದ್ದ 1650ರ ದಶಕದಲ್ಲಿ ಅವನು ಹೊತ್ತು ನೋಡಿ ಹೊನ್ನಾವರ, ಮಂಗಳೂರಿನ ಕೋಟೆಗಳನ್ನು ಕಿತ್ತುಕೊಂಡ. ದೊಡ್ಡವರಿಬ್ಬರು ಬಡಿದಾಡುವಾಗ ಸಣ್ಣವನಿಗೆ ಜಾಗ ಸಿಗುತ್ತದೆ, ಅವನ ಕೈಯಲ್ಲಿ ಅವರಿಗೆ ಬೇಕಾದ್ದು ಏನಾದರೂ ಇದ್ದರೆ. ಕೆಳದಿಯವರ ಕೈಯಲ್ಲಿ ಅಕ್ಕಿ, ಮೆಣಸು ಎರಡೂ ಇದ್ದವು, ಅವನ್ನು ಮಾರುವ ಬಂದರುಗಳ ಮೇಲೂ ಅವರ ಕೈ ಇತ್ತು. ಕುಂಸಿಗೆ ಇದ್ದದ್ದು ಕಲ್ಲು ಮಾತ್ರ.

ಮೊದಲ ಮಹಾಯುದ್ಧ ಈ ಪಾಠವನ್ನು ಇನ್ನೂ ಗಟ್ಟಿ ಮಾಡಿತು. 1914ರಲ್ಲಿ ತುರ್ಕಿ ಡಾರ್ಡನೆಲ್ಸ್ ಜಲಸಂಧಿಯನ್ನು ಮುಚ್ಚಿದ ಮೇಲೆ ರಷ್ಯಾದ ಅದಿರು ಕಪ್ಪು ಸಮುದ್ರದಿಂದ ಹೊರಬೀಳುವುದೇ ನಿಂತಿತು. ಬ್ರಿಟನ್ ಮತ್ತು ಅದರ ಮಿತ್ರರಿಗೆ ಭಾರತ, ಬ್ರೆಜಿಲ್‌ಗಳ ಮ್ಯಾಂಗನೀಸ್ ಬೇಕೇ ಬೇಕಾಯಿತು. ಆ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ತೊಟ್ಟ ಕಬ್ಬಿಣದ ಟೋಪಿಯೂ ಮ್ಯಾಂಗನೀಸ್ ಹೆಚ್ಚಾಗಿ ಬೆರೆತ ಗಡಸು ಉಕ್ಕಿನದೇ. ಯುದ್ಧ ಮುಗಿದ ಮೇಲೆ ಸೋವಿಯತ್ ಸರ್ಕಾರ ಚಿಯಾತುರಾವನ್ನು ಮತ್ತೆ ಎಬ್ಬಿಸಿತು, ಅಗ್ಗದ ಅದಿರನ್ನು ಮಾರುಕಟ್ಟೆಗೆ ಸುರಿಯಿತು. ಅದರ ಮೇಲೆ 1929ರ ಮಹಾಕುಸಿತ. 1927ರಲ್ಲಿ ಹತ್ತು ಲಕ್ಷ ಟನ್ ದಾಟಿದ್ದ ಭಾರತದ ಮ್ಯಾಂಗನೀಸ್ ಉತ್ಪಾದನೆ 1932ರ ಹೊತ್ತಿಗೆ ಎರಡು ಲಕ್ಷ ಟನ್ನಿನ ಆಸುಪಾಸಿಗೆ ಬಿತ್ತು. ಐದರಲ್ಲಿ ನಾಲ್ಕು ಪಾಲು ಕೆಲಸ ಐದೇ ವರ್ಷದಲ್ಲಿ ಹೋಯಿತು ಎಂದರೆ ಗಣಿ ನಂಬಿದ ಮನೆಗಳ ಒಲೆ ಏನಾಗಿರಬೇಕು ಎಂದು ಯೋಚಿಸಿ.

ಇದೇ ಅವಧಿಯಲ್ಲಿ, ಶಿವಮೊಗ್ಗದಿಂದ ಇನ್ನೊಂದು ದಿಕ್ಕಿಗೆ, ಬೆಂಕಿಪುರ ಎಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ಬೇರೆಯೇ ಒಂದು ಪ್ರಯತ್ನ ನಡೆದಿತ್ತು. ಕಲ್ಲನ್ನು ಕಲ್ಲಾಗಿಯೇ ಕಳಿಸುವುದು ಬೇಡ, ಇಲ್ಲೇ ಕರಗಿಸೋಣ ಎನ್ನುವುದು ಆ ಪ್ರಯತ್ನ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ರೂಪುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕಬ್ಬಿಣ ಇಳಿಸಿತು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಮರವನ್ನೇ ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಬೇಕಿತ್ತು. ಲೆಕ್ಕ ಹಾಕಿದ್ದು ಯುದ್ಧಕಾಲದ ಬೆಲೆಯಲ್ಲಿ, ಕುಲುಮೆ ಹೊತ್ತಿದ್ದು ಬೆಲೆ ಬಿದ್ದ ಮೇಲೆ. ನಷ್ಟದ ಕೂಗು ಎದ್ದಿತು, ಮುಚ್ಚಿಬಿಡಿ ಎಂದವರೂ ಇದ್ದರು. ದಿವಾನಗಿರಿ ಬಿಟ್ಟು ಕೆಲವು ವರ್ಷವಾಗಿದ್ದ ವಿಶ್ವೇಶ್ವರಯ್ಯನವರೇ 1923ರಿಂದ 1929ರವರೆಗೆ ಅಧ್ಯಕ್ಷರಾಗಿ ಕುಳಿತು ಅದನ್ನು ದಡಕ್ಕೆ ಎಳೆದರು. 1930ರ ದಶಕದಲ್ಲಿ ಉಕ್ಕು, ಸಿಮೆಂಟು, ಪಕ್ಕದಲ್ಲೇ ಕಾಗದದ ಕಾರ್ಖಾನೆ ಒಂದೊಂದಾಗಿ ಬಂದವು. ಕುಂಸಿಯ ಗಣಿ ಕೂಲಿ ಕೊಟ್ಟಿತ್ತು. ಭದ್ರಾವತಿ ಫಿಟ್ಟರು, ಟರ್ನರು, ಕೆಮಿಸ್ಟು, ಇಂಜಿನಿಯರುಗಳನ್ನು ಕೊಟ್ಟಿತು, ಶಾಲೆ, ಆಸ್ಪತ್ರೆ, ಒಂದು ಇಡೀ ಊರನ್ನೇ ಕೊಟ್ಟಿತು.

ಇದಕ್ಕೆ ತೆತ್ತ ಬೆಲೆಯನ್ನೂ ಮುಚ್ಚಿಡಬಾರದು. ಆ ಕುಲುಮೆ ದಶಕಗಳ ಕಾಲ ಕಾಡನ್ನು ಉಂಡಿತು. ಇದ್ದಿಲಾದ ಮರಗಳ ಜಾಗದಲ್ಲಿ ಹಳೆಯ ಕಾಡು ಮತ್ತೆ ಬರಲಿಲ್ಲ. ಸ್ವಾವಲಂಬನೆ ಎನ್ನುವ ಮಾತನ್ನು ನಾನು ಗೌರವದಿಂದಲೇ ಬಳಸುತ್ತೇನೆ, ಆದರೆ ಅದು ಬಿಟ್ಟಿ ಸಿಗುವುದಿಲ್ಲ, ಯಾರದೋ ನೆಲ, ನೀರು, ನೆರಳು ಅದಕ್ಕೆ ಹೋಗುತ್ತದೆ.

ಎರಡನೆಯ ಮಹಾಯುದ್ಧ ಮುಗಿದಾಗ ಲೋಕದ ಉಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕದಲ್ಲೇ ತಯಾರಾಗುತ್ತಿತ್ತು. ಅಷ್ಟು ದೊಡ್ಡ ದೇಶಕ್ಕೂ ಒಂದು ಹಂಗು ಇತ್ತು. ಅದರ ನೆಲದಲ್ಲಿ ಒಳ್ಳೆಯ ಮ್ಯಾಂಗನೀಸ್ ಇಲ್ಲ. ಬರ್ಲಿನ್ ನಗರದ ಬಿಕ್ಕಟ್ಟಿನಿಂದ ಶೀತಲ ಸಮರ ಬಿಸಿಯಾದಾಗ, 1949ರ ಹೊತ್ತಿಗೆ, ಸೋವಿಯತ್ ಒಕ್ಕೂಟ ತನ್ನ ಅದಿರನ್ನು ಕಡಿತ ಮಾಡಿತು. ಅಮೆರಿಕ ಭಾರತದ ಕಡೆ ತಿರುಗಿತು. ಆಗಷ್ಟೇ ಸ್ವತಂತ್ರವಾದ ಭಾರತಕ್ಕೆ ಹೊಟ್ಟೆಗೆ ಸಾಲದ ಕಾಲ ಅದು. 1951ರಲ್ಲಿ ನಾವು ಇಪ್ಪತ್ತು ಲಕ್ಷ ಟನ್ ಧಾನ್ಯ ಕೇಳಿದೆವು. ಅಮೆರಿಕದ ಸಂಸತ್ತಿನಲ್ಲಿ ಚರ್ಚೆ ತಿಂಗಳುಗಟ್ಟಲೆ ಎಳೆಯಿತು. ಗೋಧಿಗೆ ಬದಲಾಗಿ ಮ್ಯಾಂಗನೀಸ್ ಕೊಡಲಿ, ಅಣುಶಕ್ತಿಗೆ ಬೇಕಾದ ಮೊನಾಜೈಟ್ ಮರಳು ಕೊಡಲಿ ಎಂದು ಕೆಲವು ಸದಸ್ಯರು ಪಟ್ಟು ಹಿಡಿದರು. ನೆಹರೂ ಷರತ್ತಿನ ನೆರವು ಬೇಡ ಎಂದರು. ಕೊನೆಗೆ ಆ ಜೂನ್‌ನಲ್ಲಿ 19 ಕೋಟಿ ಡಾಲರ್ ಸಾಲವಾಗಿ ಅದು ಬಂತು, ಸಾಲದ ಒಂದು ಭಾಗವನ್ನು ಖನಿಜಗಳ ರೂಪದಲ್ಲಿ ತೀರಿಸಬಹುದೆಂಬ ದಾರಿಯನ್ನೂ ಕಾನೂನಿನಲ್ಲಿ ಇಡಲಾಗಿತ್ತು. ಹಸಿದವನಿಗೂ ಕೇಳಿಸಿಕೊಳ್ಳುವವರಿದ್ದರು, ಏಕೆಂದರೆ ಅವನ ಹಿತ್ತಲಲ್ಲಿ ಕಪ್ಪು ಕಲ್ಲಿತ್ತು.

ಇಂದಿನ ಚಿತ್ರಕ್ಕೆ ಬರೋಣ. ಈಗ ಲೋಕದ ಉಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದ್ದು. ಎರಡನೆಯ ಸ್ಥಾನದಲ್ಲಿ ನಾವಿದ್ದೇವೆ, 2024ರಲ್ಲಿ ಸುಮಾರು 15 ಕೋಟಿ ಟನ್, ಆದರೆ ಚೀನಾದ ಲೆಕ್ಕ ಸುಮಾರು 100 ಕೋಟಿ ಟನ್. ಮ್ಯಾಂಗನೀಸ್‌ನ ಕಥೆ ಇನ್ನೂ ವಿಚಿತ್ರವಾಗಿದೆ. ಅತಿ ದೊಡ್ಡ ನಿಕ್ಷೇಪ ಇರುವುದು ದಕ್ಷಿಣ ಆಫ್ರಿಕಾದಲ್ಲಿ. ಗಬಾನ್, ಆಸ್ಟ್ರೇಲಿಯಾ, ಘಾನಾಗಳಲ್ಲೂ ಅದಿರು ಹೇರಳ. ಚೀನಾದ ನೆಲದಲ್ಲಿ ಇರುವುದು ಕಳಪೆ ಅದಿರು, ತನಗೆ ಬೇಕಾದ ಬಹುಪಾಲನ್ನು ಅದು ಹಡಗಿನಲ್ಲಿ ತರಿಸುತ್ತದೆ. ಆದರೂ ಬ್ಯಾಟರಿಗೆ ಹಾಕುವಷ್ಟು ಶುದ್ಧ ಮಾಡಿದ ಮ್ಯಾಂಗನೀಸ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಚೀನಾದ ಕಾರ್ಖಾನೆಗಳದು. ಕಲ್ಲು ಯಾರದೋ, ಹಂಗು ಮಾತ್ರ ಕರಗಿಸಿ ಶುದ್ಧ ಮಾಡುವವನದು. 1906ರಲ್ಲಿ ಇಂಗ್ಲೆಂಡ್ ಇದ್ದ ಜಾಗದಲ್ಲಿ ಇಂದು ಚೀನಾ ಕುಳಿತಿದೆ.

ಆ ಜಾಗದ ಶಕ್ತಿ ಎಂಥದು ಎಂದು 2025ರಲ್ಲಿ ಎಲ್ಲರೂ ಕಂಡರು. ಅಮೆರಿಕ ಸುಂಕ ಏರಿಸಿದಾಗ ಚೀನಾ ಆ ಏಪ್ರಿಲ್‌ನಲ್ಲಿ ಏಳು ಬಗೆಯ ವಿರಳ ಲೋಹಗಳ ರಫ್ತಿಗೆ ಪರವಾನಗಿಯ ಬೇಲಿ ಹಾಕಿತು. ಮೋಟರಿನೊಳಗಿನ ಆಯಸ್ಕಾಂತಕ್ಕೆ ಬೇಕಾದ ಚಿಟಿಕೆಯಷ್ಟು ವಸ್ತು ಸಿಗದೆ ಡೆಟ್ರಾಯಿಟ್‌ನಿಂದ ಪುಣೆಯವರೆಗೆ ವಾಹನ ಕಾರ್ಖಾನೆಗಳು ಕಂಗಾಲಾದವು. ಅಕ್ಟೋಬರ್ ಕೊನೆಗೆ ಎರಡೂ ದೇಶದ ಅಧ್ಯಕ್ಷರು ಕೊರಿಯಾದ ಬುಸಾನ್‌ನಲ್ಲಿ ಕುಳಿತು ಮಾತಾಡಿ ಒಂದು ವರ್ಷದ ಮಟ್ಟಿಗೆ ಹಗ್ಗ ಸಡಿಲಿಸಿದರು. ಲೋಕದ ಅತಿ ದೊಡ್ಡ ಸೈನ್ಯಬಲ ಇರುವ ದೇಶ ಆಯಸ್ಕಾಂತಕ್ಕಾಗಿ ಮಾತುಕತೆಗೆ ಕೂರಬೇಕಾಯಿತು. ಹಾಗೆಂದು ಅಮೆರಿಕ ಮುಗಿಯಿತು ಎನ್ನುವವರ ಜೊತೆ ನಾನಿಲ್ಲ. ಡಾಲರ್, ಚಿಪ್ಪಿನ ತಂತ್ರಜ್ಞಾನ, ಅತಿ ದೊಡ್ಡ ಗಿರಾಕಿಯ ಸ್ಥಾನ ಇನ್ನೂ ಅದರ ಕೈಯಲ್ಲಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ರಷ್ಯಾದ ತೈಲ ಕೊಂಡದ್ದಕ್ಕೆಂದು ನಮ್ಮ ಸರಕಿನ ಮೇಲೆ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ನಮಗೂ ಅದು ತಟ್ಟಿತು. ಒಬ್ಬನ ಕೈಯಲ್ಲಿದ್ದ ಹಗ್ಗ ಈಗ ಹಲವರ ಕೈಗೆ ಹಂಚಿಹೋಗಿದೆ, ಬದಲಾದದ್ದು ಅದು.

ಈ ಹಗ್ಗಗಳ ಒಂದು ಎಳೆ ಕುಂಸಿಯ ತೋಟಕ್ಕೂ ಬಂದಿದೆ. 2022ರಲ್ಲಿ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟು ಇಲ್ಲದೆ ತರಿಸಲು ಒಪ್ಪಿದಾಗ ಮಲೆನಾಡಿನಲ್ಲಿ ಸಿಟ್ಟು ಎದ್ದಿತ್ತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ನಕ್ಷೆಯನ್ನೂ ಒಮ್ಮೆ ನೋಡಬೇಕು: ಭೂತಾನ್ ಇರುವುದು ನಮ್ಮ ಮತ್ತು ಚೀನಾದ ನಡುವೆ. ಅಂಥ ನೆರೆಯವನ ಸ್ನೇಹಕ್ಕೆ ದಿಲ್ಲಿ ಕೊಡುವ ಬೆಲೆಯಲ್ಲಿ ಒಂದು ಸಣ್ಣ ಪಾಲನ್ನು ನಮ್ಮ ಬೆಳೆಗಾರ ಹೊರುತ್ತಾನೆ ಎಂದು ನಾನು ಅದನ್ನು ಓದುತ್ತೇನೆ. ದೇಶಕ್ಕಾಗಿ ಹೊರಲಿ ಎನ್ನಬಹುದು, ಆದರೆ ಏನನ್ನು ಹೊರುತ್ತಿದ್ದೇವೆ ಎಂದು ಅವನಿಗೆ ಬಿಡಿಸಿ ಹೇಳುವ ಸೌಜನ್ಯವಾದರೂ ಬೇಕಿತ್ತು. 2023ರ ಫೆಬ್ರುವರಿಯಲ್ಲಿ ಉಳಿದ ಆಮದಿಗೆ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ಬೆಳೆಗಾರರ ಕೂಗಿಗೆ ಸಿಕ್ಕ ಉತ್ತರ.

ಅದಿರಿನ ದೇಶಗಳೂ ಈಗ ಕಣ್ಣು ಬಿಟ್ಟಿವೆ. ಇಂಡೋನೇಷ್ಯಾ 2020ರಲ್ಲಿ ಕಚ್ಚಾ ನಿಕಲ್ ಅದಿರಿನ ರಫ್ತು ನಿಲ್ಲಿಸಿತು, ಬೇಕಾದವರು ಇಲ್ಲಿ ಬಂದು ಕರಗಿಸಿ ಎಂದಿತು. ಕುಲುಮೆಗಳು ಬಂದವು ನಿಜ, ಅವುಗಳಲ್ಲಿ ಹೆಚ್ಚಿನವು ಚೀನಾದ ಕಂಪನಿಗಳವು. ಕುಲುಮೆ ನೆಲಕ್ಕೆ ಬಂದರೂ ಯಜಮಾನಿಕೆ ಬರಲಿಲ್ಲ. ಮ್ಯಾಂಗನೀಸ್‌ನ ದೇಶವಾದ ಗಬಾನ್, 2029ರ ಜನವರಿಯಿಂದ ಕಚ್ಚಾ ಅದಿರನ್ನು ಹೊರಗೆ ಕಳಿಸುವುದಿಲ್ಲ ಎಂದು 2025ರಲ್ಲಿ ಸಾರಿದೆ. ಅದಿರು ಕರಗಿಸಲು ಅಪಾರ ವಿದ್ಯುತ್ತು ಬೇಕು, ಬಂಡವಾಳ ಬೇಕು, ಕೈಪಳಗಿದ ಜನ ಬೇಕು. ಭದ್ರಾವತಿ ಈ ಮೂರನ್ನೂ ಒಟ್ಟುಗೂಡಿಸಲು ಎಷ್ಟು ಹೆಣಗಿತ್ತು ಎಂದು ಬಲ್ಲ ನಮಗೆ ಗಬಾನಿನ ಮುಂದಿರುವ ದಾರಿ ಎಷ್ಟು ಕಡಿದು ಎಂದು ಬೇರೆಯವರು ಹೇಳಬೇಕಿಲ್ಲ.

ನಾವೀಗ ಗಬಾನ್, ದಕ್ಷಿಣ ಆಫ್ರಿಕಾಗಳಿಂದ ಮ್ಯಾಂಗನೀಸ್ ಕೊಳ್ಳುವ ದೇಶ. ಇದು ಪೂರ್ತಿ ಕೆಟ್ಟ ಸುದ್ದಿಯಲ್ಲ, ನಮ್ಮಲ್ಲಿ ಅಷ್ಟು ಉಕ್ಕು ತಯಾರಾಗುತ್ತಿದೆ ಎನ್ನುವುದರ ಗುರುತು ಅದು. ಆದರೆ ಅಮೆರಿಕ, ಯುರೋಪು ಎರಡೂ ತಮ್ಮ ಅತ್ಯಗತ್ಯ ಖನಿಜಗಳ ಪಟ್ಟಿಯಲ್ಲಿ ಮ್ಯಾಂಗನೀಸನ್ನು ಬರೆದುಕೊಂಡಿವೆ, 2023ರಲ್ಲಿ ಭಾರತ ಪ್ರಕಟಿಸಿದ 30 ಖನಿಜಗಳ ಪಟ್ಟಿಯಲ್ಲಿ ಅದಿಲ್ಲ. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ರಾಷ್ಟ್ರೀಯ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು ಆ ಪಟ್ಟಿಯಲ್ಲಿರುವಂಥ ಖನಿಜಗಳಿಗಾಗಿ. ಮ್ಯಾಂಗನೀಸನ್ನೂ ಅದಕ್ಕೆ ಸೇರಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಕುಂಸಿಯ ಗುಡ್ಡಗಳನ್ನು ಮತ್ತೆ ಅಗೆಯಲಿ ಎಂದು ಇದರ ಅರ್ಥವಲ್ಲ, ಅಲ್ಲಿ ಉಳಿದಿರುವ ಕಾಡು ಅಲ್ಲೇ ಇರಲಿ. ನಮಗೆ ಬೇಕಾದದ್ದು ಶುದ್ಧೀಕರಣದ ವಿದ್ಯೆ.

ಹೀಗಿರುವಾಗ ಭದ್ರಾವತಿಯ ಸುದ್ದಿ ನೋವು ತರುತ್ತದೆ. 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದ (ಸೇಲ್) ಕೈಗೆ ಹೋದ ಕಾರ್ಖಾನೆ, 1998ರಲ್ಲಿ ಅದರೊಳಗೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಸ್ವಂತ ಅದಿರಿಲ್ಲದೆ ಸೊರಗಿತು. 2016ರಿಂದ ಮಾರಾಟದ ಪಟ್ಟಿಯಲ್ಲಿತ್ತು, ಕೊಳ್ಳುವವರು ಬರಲಿಲ್ಲ. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನವಾಯಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಧರಣಿ ಕುಳಿತರು. 2024ರಲ್ಲಿ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಕಾರ್ಖಾನೆಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು. ನಷ್ಟದ ಲೆಕ್ಕ ನೋಡಬೇಕಾದ್ದೇ. ಆದರೆ ವಿಶೇಷ ಉಕ್ಕು, ಮಿಶ್ರಲೋಹಗಳನ್ನು ಮಾಡಬಲ್ಲ ಕೈಗಳು ಒಮ್ಮೆ ಚದುರಿದರೆ ಮತ್ತೆ ಕೂಡಿಸಲು ಒಂದು ತಲೆಮಾರು ಬೇಕು, ಆ ನಷ್ಟ ಯಾವ ವಾರ್ಷಿಕ ವರದಿಯಲ್ಲೂ ಬರುವುದಿಲ್ಲ.

ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರೈಲು ಕುಂಸಿ ದಾಟಿ, ಶಿವಮೊಗ್ಗ ದಾಟಿ, ಭದ್ರಾವತಿಗೆ ಬರುತ್ತದೆ. ಗಣಿಯಿಂದ ಕುಲುಮೆಗೆ ಇರುವ ದೂರ 50 ಕಿಲೋಮೀಟರಿಗಿಂತ ಕಡಿಮೆ. ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಎರಡೂ ನಿಲ್ದಾಣಗಳಲ್ಲಿ ಕಿಟಕಿಯ ಹೊರಗೆ ನೋಡಿ. ನೂರು ವರ್ಷದ ಹಿಂದೆ ನಮ್ಮವರು ಆ ದೂರವನ್ನು ಒಮ್ಮೆ ಕ್ರಮಿಸಿದ್ದರು.